ಗೇಟಿನ ಬಳಿಯ ದಪ್ಪ ನಾಯಿ

ವಿದ್ಯಾರಣ್ಯಪುರ, ಭಾನುವಾರ

ಮುದ್ದಿನ ಅಕ್ಕಾ,

ನಲವತ್ತಾರಕ್ಕೆ ಮದುವೆಯಾಗುವುದು ಇಷ್ಟು ಮಜವೆಂದು ಯಾರೂ ಹೇಳಿರಲಿಲ್ಲ. ಆದರೆ ಮೊದಮೊದಲು ವೇಣು ಅವರ ತಾಯಿಯೂ ಮಗಳು ಮಹತಿಯೂ ನನ್ನನ್ನು ನೆಂಟರಂತೆ ಉಪಚರಿಸುತ್ತಿದ್ದರು. ನೆಂಟಳಾಗಿಯೇ ಉಳಿದುಬಿಟ್ಟರೆ ಎಂದು ಒಳಗೇ ಹೆದರಿದ್ದೆ.

ನಮ್ಮ ಗೇಟಿನ ಬೀದಿನಾಯಿ ದಿಂಬಿನ ಹಾಗೆ ಊದಿಕೊಂಡಿದೆ. ಕಾರಣ ಮೊನ್ನೆ ತಿಳಿಯಿತು. ಬೆಳಿಗ್ಗೆ ಅತ್ತೆ ಕದ್ದು ಅದಕ್ಕೆ ಪೊಂಗಲ್ ಹಾಕುತ್ತಿದ್ದರು. "ಮಹತಿಗೆ ಹೇಳ್ಬೇಡ ಕಣಮ್ಮಾ, ನಾಯಿಗೆ ತುಪ್ಪ ಆಗಲ್ಲ ಅಂತ ಪಾಠ ಮಾಡ್ತಾಳೆ" ಎಂದರು. ಸಂಜೆ ನೋಡಿದರೆ ಮಹತಿ ಅದೇ ನಾಯಿಗೆ ಎಗ್ ಪಫ್ಸ್ ತಿನ್ನಿಸುತ್ತಿದ್ದಾಳೆ. "ಆಂಟಿ, ಪ್ಲೀಸ್. ಮೊಟ್ಟೆ ಅಂತ ಅಜ್ಜಿಗೆ ಗೊತ್ತಾದ್ರೆ ಗೇಟೆಲ್ಲ ತೊಳೆಸ್ತಾರೆ" ಎಂದಳು.

ನೀನೂ ನಾನೂ ಇಬ್ಬರೇ ಇದ್ದ ಮನೆಯಲ್ಲಿ ಗುಟ್ಟು ಮುಚ್ಚಿಡಲು ಮೂರನೆಯವರೇ ಇರಲಿಲ್ಲವಲ್ಲ, ಅಕ್ಕಾ. ಇಲ್ಲಿ ನನ್ನ ಹತ್ತಿರ ಎರಡಿವೆ.

ಧೂಳಿಗೆ ಗಂಟಲು ಕೆರೆಯುತ್ತಿದೆ, ಕಷಾಯ ಕುಡಿಯುತ್ತಿದ್ದೇನೆ. ನೀನು ಬಿ.ಪಿ. ಮಾತ್ರೆ ತಪ್ಪಿಸಬೇಡ.

ಇವತ್ತು ಊಟಕ್ಕೆ ಕೂತಾಗ ವೇಣು, "ಆ ನಾಯಿ ಯಾಕೆ ಹಂಗೆ ದಪ್ಪ ಆಗ್ತಿದೆ?" ಎಂದು ಕೇಳಿದರು. ಅಜ್ಜಿ ಮೊಮ್ಮಗಳು ಇಬ್ಬರೂ ನನ್ನ ಮುಖ ನೋಡಿದರು.

"ಥೈರಾಯ್ಡ್ ಇರ್ಬೇಕು" ಎಂದೆ.

ಮಹತಿ ತನ್ನ ಹಪ್ಪಳ ಮುರಿದು ಅರ್ಧ ನನ್ನ ತಟ್ಟೆಗಿಟ್ಟಳು.

ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ಚಾರು