ವ್ಯಾಸಪೀಠಕ್ಕೊಂದು ಕನ್ನಡಕ

ಗುಮ್ಮಘಟ್ಟ,
ವಿಶ್ವಾವಸು ಸಂವತ್ಸರದ ಆಷಾಢ ಬಹುಳ ಪಂಚಮಿ

ಪ್ರಿಯಮಿತ್ರರಾದ ವೆಂಕಟಪ್ಪನವರ ಸನ್ನಿಧಿಗೆ ಹನುಮಂತಯ್ಯನು ಮಾಡುವ ನಮಸ್ಕಾರಗಳು.

ಇಲ್ಲಿ ಆಂಜನೇಯಸ್ವಾಮಿಯ ಕೃಪೆಯಿಂದ ನಾವೆಲ್ಲರೂ ಕ್ಷೇಮ. ಅಮರಾಪುರದ ಮಗಳ ಮನೆಯಲ್ಲಿ ನೀವೂ ಸುಖವಾಗಿರುವಿರೆಂದು ನಂಬಿದ್ದೇನೆ. ಫೋನಿನಲ್ಲಿ ಹೇಳಬಹುದಾದುದನ್ನು ಬರೆದು ಕಳುಹಿಸುತ್ತಿರುವುದೇಕೆಂದರೆ, ನನ್ನ ಕಣ್ಣು ಕೆಲಸಕ್ಕೆ ಬಂದಿದೆಯೆಂಬುದಕ್ಕೆ ಈ ಕಾಗದವೇ ಸಾಕ್ಷಿಯಾಗಲೆಂದು.

ನಮ್ಮ ಗುಡಿಯ ಶ್ರಾವಣದ ಪುರಾಣದಲ್ಲಿ ನಾನು ಕನ್ನಡದ ಪದ್ಯವನ್ನು ಓದುವುದು, ನೀವು ತೆಲುಗಿನಲ್ಲಿ ಅರ್ಥವನ್ನು ಹೇಳುವುದು ಬಹುಕಾಲದ ಪದ್ಧತಿ. ನೀವು ಅಕ್ಷರ ಕಲಿಯದವರು. ಆದರೂ ಕೇಳಿ ಕೇಳಿಯೇ ಗ್ರಂಥವೆಲ್ಲ ನಿಮ್ಮ ಕಿವಿಯಲ್ಲಿ ನೆಲೆಸಿದೆ. ಹೋದ ಶ್ರಾವಣದಲ್ಲಿ ಸಾಲುಗಳು ನನ್ನ ಕಣ್ಣಿಗೆ ಕದಡಿಹೋಗಿ ಪದ್ಯದ ನಡುಭಾಗವನ್ನೇ ಬಿಟ್ಟು ಓದಿದೆನಷ್ಟೆ. ನೀವು ಕ್ಷಣಮಾತ್ರ ತಡೆದು, ನಾನು ಓದದ ಸಾಲಿಗೂ ಅರ್ಥ ಹೇಳಿ, ಸಭೆಯ ಮುಂದೆ ನನ್ನ ಮಾನವನ್ನು ಕಾದಿರಿ. ಆ ಉಪಕಾರವೇ ನನಗೆ ಹೊರಲಾರದ ಭಾರವಾಯಿತು. ಇನ್ನು ಗ್ರಂಥವಿಡುವ ವ್ಯಾಸಪೀಠದ ಮುಂದೆ ಕೂರಲಾರೆನೆಂದು ಗುಡಿಯ ಹಿರಿಯನಾದ ತಿಪ್ಪೇಸ್ವಾಮಿಗೆ ತಿಳಿಸಿಬಿಟ್ಟೆ. “ನೀವ್ ಓದದಿದ್ರ ನಾ ಯಾರ ಮಾತಿಗೆ ಅರ್ಥ ಹೇಳ್ಲಿ” ಎಂದು ನೀವು ಮಗಳ ಊರಿನ ಬಸ್ಸು ಹತ್ತಿದಿರಿ.

ಕನ್ನಡಕದ ಪ್ರಯತ್ನವನ್ನು ನಾನು ಮಾಡದಿರಲಿಲ್ಲ. ರಾಯದುರ್ಗದ ಅಂಗಡಿಯಲ್ಲಿ ಮೂರು ನಂಬರಿನದನ್ನು ಕೊಂಡೆ. ಗುಡಿಯಲ್ಲಿ ಅದು ಸಾಗದೆ ಮೂರೂವರೆಗೆ ಏರಿದೆ. ಅಂಗಡಿಯಲ್ಲಿ ಕೆತ್ತಿದಂತೆ ಕಂಡ ಅಕ್ಷರಗಳು ಪೀಠದ ಮೇಲೆ ಇರುವೆಗಳಂತೆ ಹರಿದಾಡಿದವು. ಆಂಜನೇಯಸ್ವಾಮಿಯೇ ನನ್ನ ಓದನ್ನು ಸಾಕೆಂದನೆಂದು ತಿಳಿದು ಕನ್ನಡಕವನ್ನು ತೆಗೆದಿಟ್ಟೆ.

ಹದಿನೈದು ದಿನದ ಹಿಂದೆ ತಿಪ್ಪೇಸ್ವಾಮಿ ಮನೆಗೆ ಬಂದು ಸಮಾಧಾನ ಹೇಳಿದನು: “ಚಿಂತಿ ಬ್ಯಾಡ್ರಿ ಸ್ವಾಮಿ, ಮೊಬೈಲ್‌ನಾಗ ಪುರಾಣ ಎಲ್ಲಾ ಸಿಗ್ತದ. ಪೀಠದ ಮ್ಯಾಲಿಟ್ಟು ಮೈಕ್ ಹಿಡಿದ್ರ ಆತು. ಅದಕ್ಕ ಕೆಮ್ಮು ಸೈತ ಬರಂಗಿಲ್ಲ.” ಅವನ ಮನಸ್ಸು ಒಳ್ಳೆಯದು. ಆದರೆ ಅಂದು ನನಗೆ ಅನ್ನ ಸೇರಲಿಲ್ಲ.

ನನ್ನ ಬಳಿಯೇ ಇದ್ದ ಪೀಠವನ್ನು ಗುಡಿಗೆ ಒಪ್ಪಿಸುವ ಮುನ್ನ ಮನೆಯ ಪಡಸಾಲೆಯಲ್ಲಿ ಗ್ರಂಥವನ್ನಿರಿಸಿ ಕಡೆಯ ಬಾರಿಗೆಂದು ಕುಳಿತೆ. ಕನ್ನಡಕದ ಅಂಗಡಿಗೂ ಜೊತೆಗೆ ಬಂದಿದ್ದ ನನ್ನ ಧರ್ಮಪತ್ನಿ ಪುಟ್ಟಕ್ಕ ಕಡಲೆಕಾಯಿ ಸುಲಿಯುತ್ತ ಬಹಳ ಹೊತ್ತು ನೋಡಿ, “ಅಂಗಡ್ಯಾಗ ಪುಸ್ತಕ ಮೂಗಿಗೆ ಹಿಡಿದು ನೋಡ್ತೀರಿ. ಇಲ್ಲಿ ಅಷ್ಟು ದೂರ ಇಟ್ಟು ಕಂಬದಂಗ ಕುಂದರ್ತೀರಿ. ಕನ್ನಡಕ ತಂದಿದ್ದು ಅಂಗಡ್ಯಾಗ ಓದಾಕೇನ್ರಿ?” ಎಂದಳು.

ಓದುವವನ ಉಸಿರು ಗ್ರಂಥಕ್ಕೆ ತಾಗಬಾರದೆಂದು ಒಂದೂವರೆ ಮೊಳ ದೂರದಲ್ಲಿ ನೆಟ್ಟಗೆ ಕೂರುವುದು ನಮ್ಮ ಗುಡಿಯ ನಿಯಮವಲ್ಲವೆ? ಆ ದೂರವನ್ನು ನಾನು ಕನ್ನಡಕದವನಿಗೆ ಹೇಳಿಯೇ ಇರಲಿಲ್ಲ. ಮರುದಿನವೇ ಪೀಠವನ್ನೂ ಗ್ರಂಥವನ್ನೂ ಮಡಿವಸ್ತ್ರದಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ. ಆಟೋದವನು, “ಏನ್ರಿ ಸ್ವಾಮಿ, ಈ ಸಲ ದೇವ್ರಿಗೇ ಕನ್ನಡಕ ಕೊಡಸ್ತೀರೇನು?” ಎಂದು ನಗೆಯಾಡಿದನು. ಅಂಗಡಿಯ ನೆಲದ ಮೇಲೆ ಪೀಠವಿಟ್ಟು ಗುಡಿಯಲ್ಲಿ ಕೂರುವಂತೆಯೇ ಕುಳಿತೆ. ಅಂಗಡಿಯವರು ಒಂದೊಂದೇ ಗಾಜನ್ನು ಬದಲಿಸುತ್ತ ನಂಬರನ್ನು ಇಳಿಸುತ್ತ ಬಂದರು. ಒಂದೂವರೆಗೆ ಬಂದಾಗ ಸಾಲುಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಂತವು. ಬಲವಾದ ಗಾಜು ಹತ್ತಿರದ್ದನ್ನೇ ತೋರಿಸುವುದಂತೆ. ಹೆಚ್ಚಿನ ನಂಬರೆಂದರೆ ಹೆಚ್ಚಿನ ದೃಷ್ಟಿಯೆಂದು ಭ್ರಮಿಸಿ ಗ್ರಂಥವನ್ನು ನಾನೇ ದೂರ ಮಾಡಿಕೊಂಡಿದ್ದೆ. ಕಾಗದ ಬರೆಯುವುದಕ್ಕೆ ಮಾತ್ರ ಹಳೆಯ ಮೂರೇ ಸರಿ. ಈಗ ಮೂಗಿನ ಮೇಲಿರುವುದು ಅದೇ.

ಮಿತ್ರರೇ, ಈ ಶ್ರಾವಣದಲ್ಲಿ ನಾನು ಓದುತ್ತೇನೆ. ಓದುವವನ ಎದುರು ಅರ್ಥ ಹೇಳುವವರ ಮಣೆ ಬರಿದಾಗಿರಬಾರದು. ಅಮಾವಾಸ್ಯೆಯೊಳಗೆ ದಯಮಾಡಿಸಿರಿ. ಒಂದು ಪ್ರಾರ್ಥನೆ: ಈ ಸಲ ನಾನು ತಪ್ಪಿದರೆ ಮುಚ್ಚಬೇಡಿ, ಸಭೆಯಲ್ಲಿಯೇ ತಡೆದು ತಿದ್ದಿರಿ.

ಇತಿ ನಿಮ್ಮ ಬರವನ್ನು ಹಾರೈಸುವ,
ಹನುಮಂತಯ್ಯ

ವಿ.ಸೂ.: ಚಿರಂಜೀವಿ ವನಿತಾ, ಅಪ್ಪನಿಗೆ ಈ ಪತ್ರವನ್ನು ಓದಿ ಹೇಳುವವಳು ನೀನೇ. ಸಹಿಯವರೆಗೆ ಓದಿ ನಿಲ್ಲಿಸಮ್ಮ, ಇದು ನಿನಗೆ ಮಾತ್ರ. ಅಂಗಡಿಯವರು ಒಂದೊಂದೇ ಕಣ್ಣನ್ನು ಮುಚ್ಚಿಸಿ ಓದಿಸಿದಾಗ ಎಡಗಣ್ಣಿಗೆ ಪುಟದ ಅಂಚುಗಳು ಕಾಣಲಿಲ್ಲ. ಅಲ್ಲಿಂದ ವೈದ್ಯರಲ್ಲಿಗೆ ಹೋದೆ. ಕಣ್ಣೊಳಗಿನ ಒತ್ತಡವಂತೆ, ಬಲಗಣ್ಣಿಗೂ ತಗಲಿದೆಯಂತೆ. ಹೋದ ದೃಷ್ಟಿ ಬಾರದು, ಉಳಿದುದನ್ನು ಔಷಧದ ಹನಿಯಿಂದ ಕಾಯಬೇಕು, ಯಾವ ನಂಬರಿನ ಗಾಜೂ ಅದಕ್ಕೆ ಒದಗದು ಎಂದರು. ಈ ಶ್ರಾವಣಕ್ಕೆ ತೊಂದರೆಯಿಲ್ಲ. ಮುಂದಿನದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ದಿನವೂ ಬೆಳಗ್ಗೆ ಪದ್ಯಗಳನ್ನು ಕಂಠಪಾಠ ಮಾಡುತ್ತಿದ್ದೇನೆ. ಈ ವಿಷಯ ತಿಳಿದರೆ ನಿನ್ನ ತಂದೆ ಕನಿಕರದಿಂದ ನನ್ನ ತಪ್ಪುಗಳನ್ನೆಲ್ಲ ಮುಚ್ಚುತ್ತ ಹೋಗುವರು. ಪುಟ ಕಾಣದ ದಿನ ನನ್ನ ಕಂಠಪಾಠದ ತಪ್ಪನ್ನು ಹಿಡಿಯಲು ಉಳಿಯುವುದು ಅವರ ಕಿವಿಯೊಂದೇ. ಅದು ನನ್ನ ಮೇಲೆ ದಯೆ ತೋರದಿರಲಿ.