ನೀರಿನ ಸರದಿಯ ಸಂಜೆ

ಅಲ್ ಮನ್ಸೂರಾ, ದೋಹಾ
10-5-1996

ಮುದ್ದಿನ ಮಗಳು ರೀಮಾಳಿಗೆ ಮಮ್ಮಿಯ ಸಾವಿರ ಮುತ್ತುಗಳು.

ನಿನ್ನ ಫೋನ್ ಬಂದಾಗಿನಿಂದ ನನಗೆ ಯಾವ ಕೆಲಸವೂ ಕೈಗೆ ಹತ್ತುತ್ತಿಲ್ಲ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಪಪ್ಪಾ ಅದನ್ನೇ ಉಂಡರು. ಅವರು ಆರಾಮವಾಗಿದ್ದಾರೆ. ಆಫೀಸಿನಲ್ಲಿ ರಜೆ ಸಿಗಲಿಲ್ಲ, ಹಾಗಾಗಿ ನಿನ್ನ ಮದುವೆಗೆ ನಾನೊಬ್ಬಳೇ ಬರುತ್ತೇನೆ.

ಡೇವಿಡ್ ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ಗ್ಯಾಸ್ ಕಂಪನಿಯಲ್ಲಿದ್ದಾಗ ನಮ್ಮ ಮನೆಗೆ ಬಂದು, ನಾನು ಅಕ್ಕರೆಯಿಂದ ಮಾಡಿದ ಕಾಫಿ ಮುಟ್ಟದೆ ಬರೀ ನೀರು ಕುಡಿದು ಹೋದನಲ್ಲ! ಅವರು ಮೊರ್ಮನ್ ಪಂಥದವರು, ಕಾಫಿ ಕುಡಿಯುವುದಿಲ್ಲ ಎಂದು ನೀನಾದರೂ ಮೊದಲೇ ಹೇಳಬಾರದಿತ್ತೇ? ಆಮೇಲೆ ಅವನೂರಿಗೆ ಹೋಗಿ ನೀನೂ ಅವರ ಸಭೆ ಸೇರಿದೆ. ಆಗ ಅತ್ತದ್ದನ್ನು ಮತ್ತೆ ಬರೆಯುವುದಿಲ್ಲ. ಆದರೆ ಮದುವೆ ನಡೆಯುವ ಅವರ ಸಭೆಯ ಟೆಂಪಲ್ಲಿನೊಳಗೆ ಅವರವರಿಗೆ ಮಾತ್ರ ಪ್ರವೇಶ, ಹೆತ್ತವರೂ ಹೊರಗೇ ಕಾಯಬೇಕು ಎಂದೆಯಲ್ಲ, ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಇವತ್ತು ಶುಕ್ರವಾರದ ರಜೆ, ಇಲ್ಲಿ ಚರ್ಚ್ ಇಲ್ಲವಲ್ಲ, ಎಂದಿನಂತೆ ಮಟಿಲ್ಡಾ ಆಂಟಿಯ ಮನೆಯ ಹಜಾರದಲ್ಲಿ ಪರದೆ ಎಳೆದು ಬಲಿಪೂಜೆ ಆಯಿತು. ನನಗೆ ಒಂದು ಪ್ರಾರ್ಥನೆಯೂ ನೆನಪಿಗೆ ಬರಲಿಲ್ಲ.

ಸರಿ, ಹೊರಗೇ ನಿಲ್ಲುತ್ತೇನೆ. ಆದರೆ ರೋಸ್ ಶಾಸ್ತ್ರ? ಮದುವೆಯ ಹಿಂದಿನ ಸಂಜೆ ಮಗಳ ತಲೆಗೆ ತೆಂಗಿನ ಹಾಲು ಹಚ್ಚದೆ ನಮ್ಮಲ್ಲಿ ಯಾರು ಕಳಿಸಿಕೊಟ್ಟಿದ್ದಾರೆ? ಆ ಸಂಜೆ ಡೇವಿಡ್ ಮನೆಯವರ ಹೊಲಕ್ಕೆ ನೀರಿನ ಸರದಿ, ಮನೆಮಂದಿಯೆಲ್ಲ ಕಾಲುವೆಯ ಹತ್ತಿರ ಇರುತ್ತಾರೆ, ರೋಸ್ ಬೇಡ ಎಂದುಬಿಟ್ಟೆ. ಮಗಳ ಮದುವೆಗಿಂತ ನೀರು ಹೆಚ್ಚಾಯಿತೇ ಎಂದು ಸಿಟ್ಟು ನೆತ್ತಿಗೇರಿತು.

ಆಮೇಲೆ ಕೂತು ಯೋಚಿಸಿದೆ. ಅವನ ಮುತ್ತಜ್ಜಂದಿರು ಎತ್ತಿನ ಗಾಡಿಗಳಲ್ಲಿ ಬಂದು, ಬರಡು ನೆಲದಲ್ಲಿ ಕಾಲುವೆ ತೋಡಿ ಕಟ್ಟಿದ ಊರಂತೆ. ಇಂದಿಗೂ ಒಂದೊಂದು ಮನೆಗೆ ಸರದಿಯಂತೆ ನೀರು, ತಪ್ಪಿದರೆ ಬೆಳೆ ಒಣಗಿದಂತೆಯೇ ಎಂದು ನೀನೇ ಬರೆದಿದ್ದೆ. ನಮ್ಮ ಬಿಲ್ಡಿಂಗಿನ ಟ್ಯಾಂಕಿ ಖಾಲಿಯಾಗಿ ನೀರಿನ ಲಾರಿ ಬಂದ ದಿನ ಒಲೆ ಮೇಲಿನ ಮೀನು ಬಿಟ್ಟು ಬಕೆಟ್ ಹಿಡಿದು ಓಡುವವಳು ನಾನು. ನನಗೆ ಅರ್ಥವಾಗದೇ ಇರುತ್ತದೆಯೇ?

ಅದಕ್ಕೇ ಒಂದು ಮಾತು ಕೇಳುತ್ತೇನೆ, ಇಲ್ಲವೆನ್ನಬೇಡ. ಹೊಲದ ಬದುವಿನಲ್ಲೇ ಒಂದು ಸ್ಟೂಲ್ ಹಾಕು. ಅವರು ನೀರು ಹಾಯಿಸುತ್ತಿರಲಿ, ನಾನು ಹಾಲು ಹಚ್ಚುತ್ತೇನೆ. ವೈನ್ ಬೇಡ, ಬ್ಯಾಂಡ್ ಬೇಡ. ನಿನ್ನ ಅತ್ತೆಗೆ ಹೇಳಲು ನಿನಗೆ ಸಂಕೋಚವಾದರೆ ನಾನೇ ಕೈಮುಗಿದು ಕೇಳುತ್ತೇನೆ. ಇದೂ ಇಲ್ಲವೆಂದರೆ ನಿನ್ನ ಮದುವೆಯಲ್ಲಿ ನಾನು ಯಾರು, ಮಗಾ?

ಈ ಕಾಗದ ಕೈಸೇರಿದ ಕೂಡಲೇ ಫೋನ್ ಮಾಡು. ಅಲ್ಲಿಯವರೆಗೆ ನನಗೆ ನಿದ್ದೆ ಹತ್ತದು.

ನಿನ್ನದೇ ಚಿಂತೆಯಲ್ಲಿರುವ ಮಮ್ಮಿ,
ಪರ್ಪೆಚುವಾ

ಮತ್ತೊಂದು ಮಾತು: ರಜೆಯ ವಿಷಯ ಸುಳ್ಳು. ಪಪ್ಪನಿಗೆ ರಜೆಯೂ ಸಿಕ್ಕಿದೆ, ವೀಸಾವೂ ಆಗಿದೆ. ಮಗಳ ಮದುವೆಗೆ ಹೋಗಿ ಬೀದಿಯಲ್ಲಿ ನಿಲ್ಲುವವನಲ್ಲ ಎಂದು ಹಟ ಹಿಡಿದು ಕೂತಿದ್ದರು. ಬದುವಿನ ಮೇಲಿನ ರೋಸ್ ವಿಷಯ ಈಗಷ್ಟೇ ಅವರಿಗೆ ಹೇಳಿದೆ. ಕವರು ಅಂಟಿಸಬೇಕೆನ್ನುವಾಗ ಅಡುಗೆಮನೆಯ ಬಾಗಿಲಿಗೆ ಬಂದು, ಆ ಊರಲ್ಲಿ ತೆಂಗಿನಕಾಯಿ ಸಿಗುತ್ತದೋ, ನಾವೇ ಕೊಂಡುಹೋಗಬೇಕೋ ಎಂದು ಕೇಳಿದರು. ಏನು ಹೇಳಲಿ?