ಕಿಲ್ಲೇದಾರರ ಹೆಸರು ಹೊರುವವರು

ಡನ್‌ಡಾಕ್, ಐರ್ಲೆಂಡ್
೨೫ ಏಪ್ರಿಲ್ ೨೦೨೧

ಪ್ರೀತಿಯ ಅಬ್ಬಾ,

ನಿಮ್ಮ ಲುಬ್ನಾಳ ಸಲಾಮು. ಶುಗರ್ ಹೇಗಿದೆ? ಮೂವತ್ತೂ ರೋಜಾ ಹಿಡಿದೇ ತೀರುತ್ತೇನೆಂದು ಹಟಕ್ಕೆ ಬಿದ್ದಿದ್ದೀರಂತೆ, ಅಮ್ಮಿ ಫೋನಿನಲ್ಲಿ ಅತ್ತಳು. ಕಾಯಿಲೆಯವರಿಗೆ ದೇವರೇ ವಿನಾಯಿತಿ ಕೊಟ್ಟಿದ್ದಾನೆಂದು ನಮಗೆ ಕಲಿಸಿದವರು ನೀವೇ ಅಲ್ಲವೇ? ಅಮ್ಮಿಯ ಮಂಡಿನೋವು ಇಳಿಯಿತೇ? ಅತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆಯೇ? ಅಪ್ಪನನ್ನು ಕಳೆದುಕೊಂಡ ಅವಳ ಮಗಳು ಸಿದ್ರಾ ಹೇಗಿದ್ದಾಳೆ? ಗದಗಿನ ಕೊರೋನಾ ಸುದ್ದಿ ದಿನಾ ನೋಡುತ್ತಿದ್ದೇನೆ. ದಯವಿಟ್ಟು ಅಂಗಡಿಗೆ ಹೋಗಬೇಡಿ. ಸೈಕಲ್ ಪಂಕ್ಚರ್ ಆದವರು ನಾಲ್ಕು ದಿನ ನಡೆದಾಡಲಿ.

ನಾವು ಇದ್ದೇವೆ. ಇಲ್ಲಿ ಹೊತ್ತು ಮುಳುಗುವುದೇ ಒಂಬತ್ತರ ಹತ್ತಿರ, ಅಷ್ಟು ಹೊತ್ತಿಗೆ ಇಫ್ತಾರ್‌ಗೆ ಕೂರಲೂ ತ್ರಾಣವಿರುವುದಿಲ್ಲ. ಇವರ ಆಫೀಸು ಮಲಗುವ ಕೋಣೆಯಲ್ಲಿ, ನನ್ನದು ಅಡುಗೆಮನೆಯಲ್ಲಿ. ಹೆಡ್‌ಸೆಟ್ ಹಾಕಿಕೊಂಡು ಕಂಡವರ ದೂರು ಕೇಳುತ್ತಾ ಬೇಳೆ ಬೇಯಿಸುತ್ತೇನೆ. ಯಾರಾದರೂ ಹೇಗಿದ್ದೀಯೆಂದು ಕೇಳಿದರೆ ಈ ಊರಿನವರ ಹಾಗೆ ‘ಗ್ರ್ಯಾಂಡ್’ ಅನ್ನುತ್ತೇನೆ. ಇನ್ನೂ ನೆಲಕ್ಕೆ ಬಿದ್ದಿಲ್ಲ ಎಂದಷ್ಟೇ ಅದರ ಅರ್ಥ. ದಣಿದಿದ್ದೇನೆ ಅಬ್ಬಾ. ಮತೀನಣ್ಣನಿಗೆ ಮಣ್ಣು ಕೊಟ್ಟಿದ್ದನ್ನು ಫೋನಿನಲ್ಲಿ ನೋಡಿದೆನಲ್ಲ, ಅದೂ ಅರ್ಧಕ್ಕೇ ನೆಟ್‌ವರ್ಕ್ ಹೋಗಿಬಿಟ್ಟಿತು. ಅಂದಿನಿಂದ ಎಷ್ಟು ಮಲಗಿದರೂ ಈ ದಣಿವು ಹೋಗುತ್ತಿಲ್ಲ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಫೋನಿನಲ್ಲಿ ನಿಮಗೆ ಎದುರಾಡಲು ನನ್ನ ನಾಲಿಗೆ ಏಳುವುದಿಲ್ಲ. ಹೋದ ತಿಂಗಳು ನನ್ನ ಮಗ ಜಿಬ್ರಾನ್ ಫೋನಿನಲ್ಲಿ ನಿಮಗೆ ತನ್ನ ಶಾಲೆಯ ಪ್ರಾಜೆಕ್ಟಿನ ಕಥೆ ಹೇಳಿದ, ಎಲ್ಲ ಅಲ್ಲಿಂದಲೇ ಶುರುವಾಯಿತು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದು ನಿಮ್ಮ ಕಿವಿಗೆ ಹಾಕಿದವಳು ನಾನೇ, ಆದ್ದರಿಂದ ತಪ್ಪು ಮಗುವಿನದಲ್ಲ. ಫ್ರಾನ್ಸಿನ ನಾರ್ಮಂಡಿಯಿಂದ ಬಂದ ದೆ ವೆರ್ಡನ್ ಎಂಬ ಮನೆತನ. ಎಂಟುನೂರು ವರ್ಷಗಳ ಹಿಂದೆ ಇಂಗ್ಲಿಷ್ ರಾಜಕುಮಾರನ ಹಿಂದೆ ಬಂದು ಈ ಡನ್‌ಡಾಕ್ ಸೀಮೆಯನ್ನೇ ಕೈಗೆ ತೆಗೆದುಕೊಂಡವರು. ಮುಂದೆ ವಂಶಕ್ಕೆ ಉಳಿದದ್ದು ರೊಹೀಸಿಯಾ ಎಂಬ ಮಗಳು. ಗಂಡ ಸತ್ತ ಮೇಲೆ ಆಕೆ ನಿಂತು ಬಂಡೆಯ ಮೇಲೆ ಕೋಟೆ ಕಟ್ಟಿಸಿದಳು, ಮತ್ತು ಆಕೆಯ ಮಗ ಅಪ್ಪನ ಹೆಸರು ಬಿಟ್ಟು ತಾಯಿಯ ಮನೆಯ ಹೆಸರು ಇಟ್ಟುಕೊಂಡ. ಇಷ್ಟು ಕೇಳಿದ್ದೇ ತಡ, ನೀವು ಮುಂದಿನದನ್ನು ಕೇಳಲೇ ಇಲ್ಲ. “ನೋಡಿದ್ಯಾ, ಮಗಳಾದಾಕಿ ಅಪ್ಪನ ಮನಿ ಉಳಿಸ್ಯಾಳ. ಜಿಬ್ರಾನನ್ನ ನನಗ ಕೊಡು ಲುಬ್ನಾ. ಕಿಲ್ಲೇದಾರ ಅಂತ ಹೆಸರು ಹಚ್ಚಿ ಇಲ್ಲೇ ಬೆಳಸ್ತೀನಿ. ಇಲ್ಲಾಂದ್ರ ನಮ್ಮ ಮನಿ ಮುಗೀತು, ಇನ್ನ ಯಾರದಾರ?” ಎಂದಿರಿ. ಅಂದಿನಿಂದ ಪ್ರತಿ ಫೋನಿನಲ್ಲೂ ಅದೇ ಮಾತು.

ನೀವು ಕೇಳದೆ ಬಿಟ್ಟ ಕಥೆಯನ್ನು ಹೇಳಿಬಿಡುತ್ತೇನೆ. ಈ ತಿಂಗಳು ಜಿಲ್ಲೆಯೊಳಗೆ ತಿರುಗಾಡಲು ಬಿಟ್ಟರು. ಲಾಕ್‌ಡೌನಿನ ಐದು ಕಿಲೋಮೀಟರಿನ ಗಡಿಯೊಳಗೆ ಕೊಳೆತಿದ್ದ ನಾವು ಹೋದ ಭಾನುವಾರ ಆ ಕೋಟೆಗೇ ಹೋಗಿದ್ದೆವು. ಯಾರದೋ ಹೊಲ ದಾಟಿ ಹತ್ತಬೇಕು. ಆಚೆಯಿಂದ ಒಬ್ಬ ಅಜ್ಜ ಟ್ರಾಕ್ಟರ್ ನಿಲ್ಲಿಸಿ, “ಗೇಟ್ ಹಾಕಿಕೊಂಡು ಹೋಗಿ, ದನ ಹೊರಗೆ ಹೋಗುತ್ತವೆ” ಎಂದು ಕೂಗಿದ. ಮೇಲೆ ಗೋಡೆಗಳಿವೆ, ಸೂರಿಲ್ಲ. ಗಾಳಿ ಅಂದರೆ ಗಾಳಿ, ನನ್ನ ದುಪಟ್ಟಾ ಹಿಡಿಯುವುದರಲ್ಲೇ ಸಾಕಾಯಿತು. ಕಟ್ಟಿದ ಮೇಸ್ತ್ರಿಯನ್ನು ರೊಹೀಸಿಯಾ ಒಂದು ಕಿಟಕಿಯಿಂದ ಕೆಳಗೆ ನೂಕಿಸಿದಳೆಂದು ಜನ ಹೇಳುತ್ತಾರೆ. ನಿಜವೋ ಸುಳ್ಳೋ, ಜಿಬ್ರಾನ್ ಆ ಕಿಟಕಿ ಬಿಟ್ಟು ಕದಲಲಿಲ್ಲ. ಮಗನಿಗೆ ಹೆಸರು ಕೊಟ್ಟು ಆಕೆ ಉಳಿಸಿದ ಮನೆತನ ಮತ್ತೆ ಎಂಬತ್ತು ವರ್ಷ ನಡೆಯಿತು ಅಷ್ಟೇ. ಕೊನೆಯ ದೊರೆಗೆ ಗಂಡುಮಕ್ಕಳು ಉಳಿಯಲಿಲ್ಲ. ಮೂವರು ಹೆಣ್ಣುಮಕ್ಕಳು, ಆತ ಸತ್ತ ಮೇಲೆ ಹುಟ್ಟಿದ ನಾಲ್ಕನೆಯವಳು. ಸೀಮೆ ನಾಲ್ಕು ಪಾಲಾಗಿ ನಾಲ್ಕು ಅಳಿಯಂದಿರ ಮನೆ ಸೇರಿತು. ಜಿಬ್ರಾನ್ ತನ್ನ ಐರಿಶ್ ರಾಗದಲ್ಲಿ, ಹಾಗಾದರೆ ಮುಗಿದದ್ದು ಹೇಗೆ, ನಾಲ್ಕು ಜನ ಇದ್ದರಲ್ಲ ಎಂದು ಕೇಳಿದ.

ನಮ್ಮದಾದರೂ ಎಂಥ ಮನೆತನ ಅಬ್ಬಾ? ಹಿರಿಯರು ಕಿಲ್ಲೆ ಕಾಯುತ್ತಿದ್ದರಂತೆ. ಯಾವ ಕಿಲ್ಲೆ ಎಂದರೆ ನೀವೊಂದು, ದೊಡ್ಡಪ್ಪ ಒಂದು ಹೆಸರು ಹೇಳುತ್ತೀರಿ. ಕಿಲ್ಲೆ ಹೋಯಿತು, ಜಮೀನು ಹೋಯಿತು, ಕೊನೆಗೆ ಸೈಕಲ್ ಅಂಗಡಿಯ ಬೋರ್ಡಿನ ಮೇಲೆ ಹೆಸರು ಉಳಿಯಿತು. ಜುಟ್ಟಿಗೆ ಮಲ್ಲಿಗೆ ಹೂವು, ಹೊಟ್ಟೆಗೆ ಹಿಟ್ಟಿಲ್ಲ. ನಗಬೇಡಿ, ಬೈಯಬೇಡಿ. ಆ ಬೋರ್ಡಿಗೆ ಮತೀನಣ್ಣ ಪ್ರತಿ ಈದ್‌ಗೂ ಹೊಸದಾಗಿ ಬಣ್ಣ ಹಚ್ಚಿಸುತ್ತಿದ್ದನೆಂದು ನನಗೂ ಗೊತ್ತು. ನಿಮಗೆ ಬೇಕಾಗಿರುವುದು ಜಿಬ್ರಾನ್ ಅಲ್ಲ, ಮತೀನಣ್ಣ. ಅವನನ್ನು ನಾನೆಲ್ಲಿಂದ ತಂದುಕೊಡಲಿ? ಜಿಬ್ರಾನನನ್ನು ಕಳಿಸುವುದಿಲ್ಲ. ಇವರು ಬೇಡವೆಂದರೆಂದು ತಿಳಿಯಬೇಡಿ, ಹೇಳುತ್ತಿರುವವಳು ನಾನು. ಹತ್ತು ವರ್ಷದ ಹುಡುಗ, ಅವನ ಗೆಳೆಯರು ಇಲ್ಲಿದ್ದಾರೆ, ಅವನ ಅಮ್ಮ ಇಲ್ಲಿದ್ದಾಳೆ. ಇನ್ನೊಂದು ಮಾತು, ಮನೆ ಮುಗಿಯಿತೆಂದು ನೀವು ಅಂದಾಗಲೆಲ್ಲ ನಾನು ಫೋನ್ ಹಿಡಿದುಕೊಂಡೇ ಇರುತ್ತೇನೆ. ನಾನೂ ಆ ಮನೆಯಲ್ಲಿ ಹುಟ್ಟಿದವಳೇ. ನೋವಾಗುತ್ತದೆ ಅಬ್ಬಾ, ಜಗಳವಾಡಲು ಶಕ್ತಿಯಿಲ್ಲ.

ಅಮ್ಮಿಯ ಕೈಗೊಂದು ಮುತ್ತು. ಅತ್ತಿಗೆಗೆ ಸಲಾಮು ತಿಳಿಸಿ. ಅಲ್ಲಾಹ್ ನಿಮ್ಮೆಲ್ಲರ ಉಸಿರು ಕಾಯಲಿ. ಕೋಪ ಬಂದರೂ ಇಫ್ತಾರ್‌ನ ದುವಾದಲ್ಲಿ ನನ್ನನ್ನು ಸೇರಿಸಿಕೊಳ್ಳಿ.

ನಿಮ್ಮ ಮಗಳು,
ಲುಬ್ನಾ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಹರಿದೆ. ಅಂಚೆಯನ್ನು ನಂಬಿ ಕೂರಲಾರೆ, ಇದರ ಫೋಟೋ ಈಗಲೇ ನಿಮ್ಮ ಫೋನಿಗೆ ಹಾಕುತ್ತೇನೆ. ಸಿದ್ರಾ ಈಗಷ್ಟೇ ಅಮ್ಮಿಯ ಫೋನಿನಿಂದ ಕರೆ ಮಾಡಿದ್ದಳು, ಯಾರಿಗೂ ಕೇಳಬಾರದೆಂದು ಪಿಸುದನಿಯಲ್ಲಿ. ನೀವು ನನಗೆ ಹೇಳಿದ್ದನ್ನೆಲ್ಲ ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿದ್ದಾಳೆ. ಬಟ್ಟೆಗಳನ್ನು ಶಾಲೆಯ ಚೀಲದಲ್ಲಿ ತುಂಬಿಟ್ಟುಕೊಂಡಿದ್ದಾಳಂತೆ. “ಅತ್ತಿ, ಜಿಬ್ರಾನ್ ಬಂದ್ರ ನನ್ನ ಎಲ್ಲಿಗೆ ಕಳಸ್ತಾರ?” ಎಂದು ಕೇಳಿದಳು. ನನಗೆ ನೀವು ಉತ್ತರ ಬರೆಯದಿದ್ದರೂ ನಡೆಯುತ್ತದೆ, ಅಬ್ಬಾ. ಅವಳನ್ನು ಕರೆದು ಅವಳಿಗೆ ಉತ್ತರ ಹೇಳಿ.